ನೆಗಡಿ, ಕಿವಿ ಮತ್ತು ಆಯ: ಮಂಡ್ಯ ಸೀಮೆಯ ನಾಲ್ಕು ತಾಲ್ಲೂಕುಗಳ ಆರೋಗ್ಯ ಚರಿತ್ರೆಯ ಒಂದು ಅಲಕ್ಷಿತ ಪುಟ

ಕನ್ನಡದ ‘ಕೇಳು’ ಎಂಬ ಕ್ರಿಯಾಪದಕ್ಕೆ ಮೂರು ಮುಖ್ಯ ಅರ್ಥಗಳಿವೆ. ಶಬ್ದವನ್ನು ಕಿವಿಯಿಂದ ಗ್ರಹಿಸುವುದು ಒಂದು. ಪ್ರಶ್ನಿಸುವುದು ಇಲ್ಲವೆ ಬೇಡುವುದು ಎರಡನೆಯದು. ಹಿರಿಯರ ಮಾತಿಗೆ ವಿಧೇಯವಾಗಿ ನಡೆದುಕೊಳ್ಳುವುದು ಮೂರನೆಯದು. ಮಂಡ್ಯ ಸೀಮೆಯ ಆಡುಮಾತಿನಲ್ಲಿ ‘ಈ ಐದ ಹೇಳಿದ್ ಮಾತ್ ಕೇಳಾಕಿಲ್ಲ’ ಎಂದಾಗ ಅದು ಹುಡುಗನ ಕಿವಿಯ ಬಗೆಗಿನ ದೂರಲ್ಲ, ನಡತೆಯ ಬಗೆಗಿನ ದೂರು. ಆದರೆ ಎಷ್ಟೋ ಸಂದರ್ಭಗಳಲ್ಲಿ ಆ ಹುಡುಗನಿಗೆ ಮಾತು ನಿಜವಾಗಿಯೂ ಕೇಳಿಸಿರುವುದಿಲ್ಲ. ತಿಂಗಳ ಹಿಂದೆ ಬಂದು ಹೋದ ನೆಗಡಿ ಅವನ ಕಿವಿಯೊಳಗೆ ದ್ರವವನ್ನು ಉಳಿಸಿ ಹೋಗಿರುತ್ತದೆ. ಒಂದೇ ಮಾತಿನೊಳಗೆ ಅವಿಧೇಯತೆಯೂ ಕಾಯಿಲೆಯೂ ಬೆರೆತುಹೋಗುವ ಈ ಸ್ಥಿತಿ ಕೇವಲ ಭಾಷಾಸ್ವಾರಸ್ಯದ ಸಂಗತಿಯಲ್ಲ. ಅದು ಆರೋಗ್ಯ ಚರಿತ್ರೆಯ ಸಂಗತಿಯೂ ಹೌದು.

ಉಸಿರಾಟದ ಮಾರ್ಗಕ್ಕೆ ತಗಲುವ ವೈರಾಣು ಸೋಂಕುಗಳು, ಅಂದರೆ ನೆಗಡಿ, ಫ್ಲೂ, ದಡಾರ, ಮಂಗಬಾವು ಮುಂತಾದವು, ಶ್ರವಣಶಕ್ತಿಯನ್ನೂ ದೇಹದ ಸಮತೋಲವನ್ನೂ ಬಾಧಿಸಬಲ್ಲವು ಎಂಬುದು ಇಂದು ವೈದ್ಯಕೀಯದಲ್ಲಿ ನೆಲೆಗೊಂಡ ತಿಳಿವಳಿಕೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಜನಜೀವನದಲ್ಲಿ ಈ ಬಾಧೆ ಹೇಗೆ ಗುರುತಿಸಲ್ಪಟ್ಟಿತು, ಎಲ್ಲಿ ಗುರುತು ತಪ್ಪಿತು, ಸರ್ಕಾರದ ಲೆಕ್ಕಪತ್ರಗಳಲ್ಲಿ ಅದಕ್ಕೆ ಯಾವ ಸ್ಥಾನ ದೊರೆಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಲಿಖಿತ ದಾಖಲೆಗಳು ಮೌನವಾಗಿರುವ ಈ ವಿಷಯದಲ್ಲಿ ಜನಪದರ ನುಡಿಯೇ ಒಂದು ಮುಖ್ಯ ಆಕರವೆಂಬುದು ಇಲ್ಲಿನ ಪ್ರತಿಪಾದನೆ. ಆ ಆಕರಕ್ಕೂ ಅದರದೇ ಆದ ಕುರುಡುಗಳಿವೆ ಎಂಬುದು ಅದರೊಡನೆಯೇ ಹೇಳಬೇಕಾದ ಮಾತು.

1. ಅಂಕಣವಿಲ್ಲದ ನಷ್ಟ

ಈ ನಾಲ್ಕೂ ಪ್ರದೇಶಗಳು 20ನೆಯ ಶತಮಾನದ ಆರಂಭದಲ್ಲಿ ಮೈಸೂರು ಜಿಲ್ಲೆಗೆ ಸೇರಿದ್ದವು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಇಂದಿನ ಪಾಂಡವಪುರಕ್ಕೆ ಆಗ ಸರ್ಕಾರಿ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್ ಎಂದೂ ಜನರ ಬಾಯಲ್ಲಿ ಹಿರೋಡೆ ಎಂದೂ ಹೆಸರು. ಕೃಷ್ಣರಾಜಪೇಟೆಯ ಹಳೆಯ ಹೆಸರು ಅತ್ತಿಕುಪ್ಪೆ. ಬೆಂಗಳೂರು–ಮೈಸೂರು ರೈಲುದಾರಿ 1880ರ ದಶಕದಲ್ಲಿಯೇ ಫ್ರೆಂಚ್ ರಾಕ್ಸ್ ಮತ್ತು ಶ್ರೀರಂಗಪಟ್ಟಣಗಳ ಮೂಲಕ ಹಾದಿತ್ತು. ಜನ, ದವಸ, ಸುದ್ದಿಗಳ ಜೊತೆಗೆ ಸೋಂಕೂ ಸಂಚರಿಸುವ ದಾರಿ ಹೀಗೆ ತೆರೆದುಕೊಂಡಿತ್ತು.

1918ರ ಇನ್‌ಫ್ಲುಯೆಂಜಾ ಮಹಾಸೋಂಕು ಆ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡು, ಸೆಪ್ಟೆಂಬರಿನ ಎರಡನೆಯ ಅಲೆಯಲ್ಲಿ ಭಾರತದ ಉದ್ದಗಲಕ್ಕೆ ಹರಡಿತು. ದೇಶದಲ್ಲಿ ಸತ್ತವರ ಸಂಖ್ಯೆ ಒಂದು ಕೋಟಿಯನ್ನು ಮೀರಿತೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಮೈಸೂರು ಸಂಸ್ಥಾನವೂ ಇದಕ್ಕೆ ಹೊರತಾಗಿರಲಿಲ್ಲ. 1911ರ ಜನಗಣತಿಯಲ್ಲಿ ಸುಮಾರು 58 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1921ರಲ್ಲಿ ಸುಮಾರು 59.8 ಲಕ್ಷ ಮಾತ್ರ ಆಗಿತ್ತು. ಹತ್ತು ವರ್ಷಗಳಲ್ಲಿ ಶೇಕಡಾ ಮೂರರಷ್ಟು ಬೆಳವಣಿಗೆ ಎಂಬ ಈ ಅಂಕಿಯ ಹಿಂದೆ ಪ್ಲೇಗು, ಕ್ಷಾಮ, ಜ್ವರಗಳೊಂದಿಗೆ ಇನ್‌ಫ್ಲುಯೆಂಜಾದ ಪಾಲೂ ಇದೆ.

ಆದರೆ ಈ ಅಂಕಿಗಳೆಲ್ಲ ಸತ್ತವರನ್ನು ಕುರಿತವು. ಬದುಕಿ ಉಳಿದವರಲ್ಲಿ ಏನಾಯಿತೆಂಬುದನ್ನು ಅವು ಹೇಳುವುದಿಲ್ಲ. ಇನ್‌ಫ್ಲುಯೆಂಜಾದ ಬೆನ್ನಿಗೆ ಕಿವಿಯ ಕೀವು, ಕಿವಿಯ ಹಿಂಬದಿಯ ಎಲುಬಿನ ಸೋಂಕು ಮುಂತಾದವು ಬರುತ್ತವೆ ಎಂಬುದನ್ನು ಅಂದಿನ ವೈದ್ಯರು ಪ್ರಪಂಚದ ಹಲವೆಡೆ ಗಮನಿಸಿದ್ದರು. ಹಳ್ಳಿಯ ಜನನ ಮರಣ ಲೆಕ್ಕದಲ್ಲಾದರೋ ಕಾಲರಾ, ಸಿಡುಬು, ಪ್ಲೇಗು, ಜ್ವರ ಎಂಬಂತಹ ಕೆಲವೇ ಶೀರ್ಷಿಕೆಗಳಿದ್ದವು. ಅವೂ ಮರಣಕ್ಕೆ ಮಾತ್ರ. ಜ್ವರ ಬಿಟ್ಟು ಎದ್ದವನಿಗೆ ಕಿವಿ ಮಂದವಾಗಿದ್ದರೆ ಅದನ್ನು ಬರೆದಿಡಲು ಜಾಗವೇ ಇರಲಿಲ್ಲ.

ಜನಗಣತಿಯ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. 1881ರಿಂದ 1931ರವರೆಗಿನ ಭಾರತದ ಜನಗಣತಿಗಳು ‘ಅಂಗವೈಕಲ್ಯ’ ಎಂಬ ಭಾಗದಲ್ಲಿ ನಾಲ್ಕು ವರ್ಗಗಳನ್ನು ಎಣಿಸಿದವು: ಬುದ್ಧಿಭ್ರಮಣೆಯುಳ್ಳವರು, ಕಿವುಡು-ಮೂಗರು, ಅಂಧರು ಮತ್ತು ಕುಷ್ಠರೋಗಿಗಳು. ಈ ಎಣಿಕೆಯಲ್ಲಿ ಗುರಿಯಾಗಿದ್ದವರು ಮುಖ್ಯವಾಗಿ ಹುಟ್ಟಿನಿಂದಲೇ ಕಿವುಡರಾಗಿ ಮಾತು ಬಾರದವರು. ಮಾತು ಕಲಿತ ಮೇಲೆ ಕಾಯಿಲೆಯಿಂದ ಕಿವಿ ಕಳೆದುಕೊಂಡವರು, ಒಂದೇ ಕಿವಿ ಹೋದವರು, ಮಂದವಾಗಿ ಕೇಳುವವರು ಈ ವರ್ಗಕ್ಕೆ ಸೇರಲಿಲ್ಲ. 1931ರ ನಂತರ ಈ ಎಣಿಕೆಯೇ ನಿಂತುಹೋಯಿತು. ಶ್ರವಣದೋಷವು ಒಂದು ಪ್ರತ್ಯೇಕ ವಿಭಾಗವಾಗಿ ಜನಗಣತಿಗೆ ಬಂದದ್ದು 2001ರಲ್ಲಿ. ಸಮತೋಲದ ದೋಷಕ್ಕೆ ಅಂಕಣ ಆಗಲೂ ಸಿಗಲಿಲ್ಲ.

ಹೀಗಿರುವಾಗ ಈ ನಷ್ಟದ ಚರಿತ್ರೆಯನ್ನು ಎಲ್ಲಿ ಹುಡುಕಬೇಕು? ಮೊದಲ ಉತ್ತರ ಅಡುಗೆಮನೆ ಮತ್ತು ಬಾಣಂತಿ ಕೋಣೆಗಳಲ್ಲಿದೆ.

2. ಮೂಗಿಗೂ ಕಿವಿಗೂ ಇರುವ ನಂಟು

‘ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ’ ಎಂಬ ಗಾದೆ ನೆಗಡಿಯನ್ನು ಕ್ಷುಲ್ಲಕವೆಂದು ಪರಿಗಣಿಸುತ್ತದೆ. ಆದರೆ ಮಕ್ಕಳನ್ನು ಸಾಕುವ ವಿಚಾರದಲ್ಲಿ ಜನಪದರ ಆಚರಣೆ ಗಾದೆಗಿಂತ ಹೆಚ್ಚು ಎಚ್ಚರಿಕೆಯದು. ಎಳೆಮಗುವಿಗೆ ಎರೆದ ಮೇಲೆ ಸಾಂಬ್ರಾಣಿಯ ಹೊಗೆ ಕೊಡುವುದು, ತಲೆಗೆ ಕುಲಾವಿ ಕಟ್ಟಿ ಕಿವಿಯನ್ನು ಮುಚ್ಚುವುದು, ದೊಡ್ಡಪತ್ರೆಯ ಎಲೆಯನ್ನು ಬಾಡಿಸಿ ರಸ ಹಿಂಡಿ ಕುಡಿಸುವುದು, ಬಜೆ ತೇಯ್ದು ನೆಕ್ಕಿಸುವುದು, ಅರಿಶಿನದ ಕೊಂಬನ್ನು ಸುಟ್ಟು ಅದರ ಹೊಗೆಯನ್ನು ಮೂಗಿಗೆ ಹಿಡಿಸುವುದು ಇವೆಲ್ಲ ಈ ಸೀಮೆಯ ಹಳ್ಳಿಗಳಲ್ಲಿ ಪರಿಚಿತವಾದವು. ದೊಡ್ಡವರ ನೆಗಡಿಗೆ ಮೆಣಸಿನ ಕಷಾಯ ಮತ್ತು ಬಿಸಿನೀರಿನ ಹಬೆ. ಊಟಕ್ಕೆ ಮಳೆಯಾಶ್ರಿತ ಹೊಲಗಳ ಹುರುಳಿಯ ಕಟ್ಟಿನ ಸಾರು ಅಥವಾ ನೀರಾವರಿ ಗದ್ದೆಗಳ ಏಡಿಯ ಸಾರು. ಬೆಳಗಿನ ಮಂಜಿನಲ್ಲಿ ಹೊಲಕ್ಕೆ ಹೊರಟವನು ಟವೆಲ್ಲನ್ನು ಕಿವಿಯ ಮೇಲೆ ಸುತ್ತಿಕೊಳ್ಳುವುದು ಇಂದಿಗೂ ಕಾಣುವ ದೃಶ್ಯ.

ಈ ಆಚರಣೆಗಳ ಹಿಂದಿರುವ ವಿವರಣೆ ‘ಕಿವಿಗೆ ಗಾಳಿ ಹೊಗುತ್ತದೆ’ ಎಂಬುದು. ವಿವರಣೆ ಸರಿಯಲ್ಲ, ತಂಗಾಳಿ ಕಿವಿಯ ಹೊರದ್ವಾರದಿಂದ ಒಳಹೊಕ್ಕು ಸೋಂಕು ತರುವುದಿಲ್ಲ. ಆದರೆ ನೆಗಡಿಗೂ ಕಿವಿಗೂ ಸಂಬಂಧವಿದೆಯೆಂಬ ಮೂಲ ಗ್ರಹಿಕೆ ಸರಿಯಾದದ್ದು. ‘ಶೀತಕ್ಕೆ ಕಿವಿ ಮುಚ್ಕಂಡದೆ’ ಎಂಬ ಮಾತಿನಲ್ಲಿ ಕಾರಣ ಮತ್ತು ಪರಿಣಾಮ ಎರಡೂ ಇವೆ. ಶಾಸ್ತ್ರಗ್ರಂಥಗಳಿಗೂ ಈ ಸಂಬಂಧ ತಿಳಿದಿತ್ತು. ಸುಶ್ರುತಸಂಹಿತೆಯ ಉತ್ತರತಂತ್ರವು ಕಿವಿಯ 28 ರೋಗಗಳನ್ನು ಎಣಿಸುವುದಲ್ಲದೆ, ಅಲಕ್ಷ್ಯ ಮಾಡಿದ ಪ್ರತಿಶ್ಯಾಯ, ಅಂದರೆ ನೆಗಡಿ, ಬಾಧಿರ್ಯಕ್ಕೆ ಎಡೆಮಾಡುತ್ತದೆಂದು ಎಚ್ಚರಿಸುತ್ತದೆ. ಹಳ್ಳಿಯ ಅಜ್ಜಿಯ ತಿಳಿವಳಿಕೆ ಈ ಗ್ರಂಥದಿಂದ ಇಳಿದು ಬಂದದ್ದೋ ಗ್ರಂಥಕ್ಕೆ ಅಂತಹ ಅಜ್ಜಿಯರಿಂದ ಏರಿಹೋದದ್ದೋ ಎಂಬುದು ಜನಪದ ವೈದ್ಯದ ಅಧ್ಯಯನಕಾರರು ಸದಾ ಎದುರಿಸುವ ಪ್ರಶ್ನೆ.

ಆಧುನಿಕ ಅಂಗರಚನಾಶಾಸ್ತ್ರ ಈ ನಂಟಿಗೆ ದಾರಿಯನ್ನು ತೋರಿಸಿತು. 16ನೆಯ ಶತಮಾನದ ಇಟಲಿಯ ವೈದ್ಯ ಯೂಸ್ಟೇಕಿಯೊ ವರ್ಣಿಸಿದ, ಅವನ ಹೆಸರಿನಿಂದಲೇ ಯೂಸ್ಟೇಶಿಯನ್ ನಾಳವೆಂದು ಕರೆಯಲಾಗುವ ಕೊಳವೆ ಮೂಗಿನ ಹಿಂಭಾಗವನ್ನು ಮಧ್ಯಕಿವಿಗೆ ಜೋಡಿಸುತ್ತದೆ. ನುಂಗುವಾಗ, ಆಕಳಿಸುವಾಗ ಅದು ತೆರೆದುಕೊಂಡು ಕಿವಿತಮಟೆಯ ಒಳಬದಿಯ ಗಾಳಿಯ ಒತ್ತಡವನ್ನು ಹೊರಗಿನ ಒತ್ತಡಕ್ಕೆ ಸರಿಹೊಂದಿಸುತ್ತದೆ. ವೈರಾಣು ಸೋಂಕಿನಿಂದ ಮೂಗಿನ ಒಳಪದರ ಊದಿಕೊಂಡಾಗ ಈ ಕೊಳವೆಯ ಬಾಯಿ ಕಟ್ಟಿಕೊಳ್ಳುತ್ತದೆ. ಆಗ ಮಧ್ಯಕಿವಿಯ ಗಾಳಿ ಒಳಗೇ ಹೀರಿಹೋಗಿ ತಮಟೆ ಒಳಕ್ಕೆ ಸೆಳೆಯಲ್ಪಡುತ್ತದೆ. ‘ಕಿವಿ ಮುಚ್ಚಿಕೊಂಡಿದೆ’ ಎಂಬ ಅನುಭವ ಅದರದು.

3. ಮಾತು ಕೇಳದ ಮಗು

ಎಳೆಯ ಮಕ್ಕಳಲ್ಲಿ ಈ ಕೊಳವೆ ದೊಡ್ಡವರದಕ್ಕಿಂತ ಗಿಡ್ಡ. ಸುಮಾರು ಅರ್ಧದಷ್ಟು ಉದ್ದ. ಅದು ಹೆಚ್ಚು ಅಡ್ಡಲಾಗಿಯೂ ಇರುತ್ತದೆ. ಆದ್ದರಿಂದ ಮೂಗಿನ ಸೋಂಕು ಕಿವಿಗೆ ಹತ್ತುವುದು ಸುಲಭ. ಅದು ಹತ್ತಿದಾಗ ಎರಡು ಬಗೆಯ ಪರಿಣಾಮಗಳು ಕಾಣುತ್ತವೆ.

ಮೊದಲನೆಯದು ಎಲ್ಲರಿಗೂ ಗೊತ್ತಾಗುವಂತಹುದು. ವೈರಾಣುವಿನ ಹಿಂದೆಯೇ ಬ್ಯಾಕ್ಟೀರಿಯಾಗಳು ಸೇರಿ ಕೀವು ತುಂಬುತ್ತದೆ. ಮಗು ರಾತ್ರಿಯಿಡೀ ಅಳುತ್ತದೆ. ತಮಟೆ ಒಡೆದು ಕಿವಿ ಸೋರುತ್ತದೆ. ಸೋರಿಕೆ ಪದೇ ಪದೇ ಮರುಕಳಿಸಿದರೆ ತಮಟೆಯಲ್ಲಿ ತೂತು ಉಳಿದು ಶ್ರವಣ ಕುಗ್ಗುತ್ತದೆ. ಜನಪದರು ಇದನ್ನು ‘ಕಿವಿ ಸೋರೋದು’ ಎಂದು ಹೆಸರಿಸಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ತುಂಬೆಯ ಸೊಪ್ಪಿನ ರಸ, ಕೆಲವೊಮ್ಮೆ ಎದೆಹಾಲನ್ನು ಕಿವಿಗೆ ಬಿಟ್ಟಿದ್ದಾರೆ. ಇಲ್ಲಿ ಜನಪದ ವೈದ್ಯವನ್ನು ಸಮರ್ಥಿಸಿಕೊಳ್ಳುವ ಉತ್ಸಾಹಕ್ಕೆ ಕಡಿವಾಣ ಬೇಕು. ತಮಟೆ ತೂತಾದ ಕಿವಿಗೆ ಎಣ್ಣೆ, ರಸ, ಹಾಲುಗಳನ್ನು ಬಿಡುವುದು ಸೋಂಕನ್ನು ಒಳಗೆ ತಳ್ಳುವ ಕೆಲಸ; ಬಿಸಿಯಿದ್ದರೆ ಸುಟ್ಟಗಾಯವೂ ಆಗುತ್ತದೆ. ದೊಡ್ಡಪತ್ರೆಯ ರಸವನ್ನು ಗೌರವಿಸುವ ಅಧ್ಯಯನವು ಕಿವಿಗೆ ಬಿಟ್ಟ ಎಣ್ಣೆಯ ಹಾನಿಯನ್ನು ಮರೆಮಾಚಬಾರದು.

ಎರಡನೆಯ ಪರಿಣಾಮ ಸದ್ದಿಲ್ಲದ್ದು. ನೋವಿಲ್ಲ, ಜ್ವರವಿಲ್ಲ, ಸೋರಿಕೆಯಿಲ್ಲ. ಮಧ್ಯಕಿವಿಯಲ್ಲಿ ಅಂಟು ದ್ರವ ನಿಂತಿರುತ್ತದೆ ಅಷ್ಟೆ. ಹೆಚ್ಚಿನ ಮಕ್ಕಳಲ್ಲಿ ಅದು ಮೂರು ತಿಂಗಳೊಳಗೆ ತಾನಾಗಿ ಇಂಗಿಹೋಗುತ್ತದೆ. ಇಂಗದೆ ಉಳಿದವರಲ್ಲಿ ಶ್ರವಣವು ಇಪ್ಪತ್ತರಿಂದ ಮೂವತ್ತು ಡೆಸಿಬೆಲ್‌ಗಳಷ್ಟು ತಗ್ಗಬಹುದು. ಹತ್ತಿರ ನಿಂತು ಗಟ್ಟಿಯಾಗಿ ಕರೆದರೆ ಮಗು ತಿರುಗುತ್ತದೆ. ತರಗತಿಯ ಹಿಂದಿನ ಸಾಲಿನಲ್ಲಿ ಕೂತಾಗ ಮೇಷ್ಟರ ಮಾತಿನ ಅರ್ಧ ತಪ್ಪುತ್ತದೆ. ಒಮ್ಮೆ ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ ಎಂಬುದರಿಂದಲೇ ಇದು ಸೋಗು ಎಂಬ ತೀರ್ಮಾನಕ್ಕೆ ಮನೆಯವರು ಬರುತ್ತಾರೆ.

ಲೇಖನದ ಆರಂಭದಲ್ಲಿ ಹೇಳಿದ ‘ಕೇಳು’ ಪದದ ಇಕ್ಕಟ್ಟು ಇಲ್ಲಿ ನಿಜವಾದ ಬೆಲೆಯನ್ನು ಪಡೆಯುತ್ತದೆ. ‘ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ’, ‘ಜಾಣಗಿವುಡು’, ‘ಕಿವುಡನ ಮುಂದೆ ಶಂಖ ಊದಿದಂತೆ’ ಎಂಬ ನುಡಿಗಟ್ಟುಗಳೆಲ್ಲ ಕೇಳದಿರುವುದನ್ನು ಮನಸ್ಸಿನ ದೋಷವಾಗಿ ನೋಡುತ್ತವೆ. ‘ಜಾಣಗಿವುಡು’ ಎಂಬ ಪದವನ್ನು ಸೃಷ್ಟಿಸಿದ ನುಡಿಸಮುದಾಯಕ್ಕೆ ಸೋಗನ್ನು ಕಂಡುಹಿಡಿಯುವ ಚಾತುರ್ಯವಿತ್ತು. ಆದರೆ ಸೋಗಲ್ಲದ ಅರೆಗಿವುಡನ್ನು ಹೆಸರಿಸುವ ಪದ ಮಕ್ಕಳ ವಿಷಯದಲ್ಲಿ ಬಳಕೆಗೆ ಬರಲಿಲ್ಲ. ಮುದುಕರಿಗೆ ‘ಕಿವಿ ಮಂದ’ ಎನ್ನುವ ಮೃದುವಾದ ಮಾತಿದೆ. ಅದೇ ಮಂದತೆ ಏಳು ವರ್ಷದ ಮಗುವಿಗೆ ಬಂದರೆ ‘ದಡ್ಡ’, ‘ಮೊಂಡ’ ಎಂಬ ಹೆಸರುಗಳು ಬರುತ್ತವೆ. ಏಟು ತಿಂದು ಶಾಲೆ ಬಿಟ್ಟು ದನ ಕಾಯಲು ಹೋದ ಮಕ್ಕಳಲ್ಲಿ ಎಷ್ಟು ಮಂದಿಯ ಕಿವಿಯಲ್ಲಿ ದ್ರವ ನಿಂತಿತ್ತು ಎಂಬ ಲೆಕ್ಕ ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಸಿಗಲಾರದು.

4. ಅಮ್ಮ, ಕೆಪ್ಪಟರಾಯ ಮತ್ತು ಒಳಕಿವಿ

ಮಧ್ಯಕಿವಿಯ ಬಾಧೆ ಬಹುಪಾಲು ಸರಿಪಡಿಸಬಹುದಾದದ್ದು. ಒಳಕಿವಿಯ ವಿಷಯ ಹಾಗಲ್ಲ. ಕಾಕ್ಲಿಯ ಎಂಬ ಶಂಖದಾಕಾರದ ಸುರುಳಿಯಲ್ಲಿರುವ ಸೂಕ್ಷ್ಮ ರೋಮಕೋಶಗಳು ಶಬ್ದವನ್ನು ನರದ ಸಂಕೇತವಾಗಿ ಮಾರ್ಪಡಿಸುತ್ತವೆ. ಅವು ನಾಶವಾದರೆ ಮನುಷ್ಯರಲ್ಲಿ ಮರಳಿ ಹುಟ್ಟುವುದಿಲ್ಲ.

ಉಸಿರಿನ ಹನಿಗಳಿಂದ ಹರಡುವ ಮೂರು ವೈರಾಣು ರೋಗಗಳು ಈ ಹಾನಿಗೆ ಹೆಸರಾದವು. ದಡಾರ ಅವುಗಳಲ್ಲಿ ಒಂದು. ಲಸಿಕೆ ಬರುವ ಮುನ್ನ ಅದು ಮಕ್ಕಳಲ್ಲಿ ಕಿವಿಸೋರಿಕೆಗೂ ಒಳಕಿವಿಯ ಕಿವುಡಿಗೂ ದೊಡ್ಡ ಕಾರಣವಾಗಿತ್ತು. ಮೈಮೇಲೆ ಗುಳ್ಳೆ ಏಳುವ ರೋಗಗಳನ್ನೆಲ್ಲ ‘ಅಮ್ಮ’ ಎಂದು ಕಂಡ ಜನಪದರು ದಡಾರವನ್ನೂ ಆ ದೈವದ ಆಗಮನವೆಂದೇ ಭಾವಿಸಿದರು. ಬೇವಿನ ಸೊಪ್ಪನ್ನು ಬಾಗಿಲಿಗೆ ಕಟ್ಟುವುದು, ಒಗ್ಗರಣೆ ಹಾಕದಿರುವುದು, ಹೊರಗಿನವರನ್ನು ಮನೆಯೊಳಗೆ ಬಿಡದಿರುವುದು, ಇಳಿದ ಮೇಲೆ ಮಾರಮ್ಮನಿಗೆ ತಂಬಿಟ್ಟಿನ ಆರತಿ ಬೆಳಗುವುದು ಈ ಆಚರಣೆಯ ಅಂಗಗಳು. ಹೊರಗಿನವರನ್ನು ದೂರವಿಡುವ ಕಟ್ಟಳೆಗೆ ಸೋಂಕು ತಡೆಯುವ ಗುಣವಿತ್ತು. ಆದರೆ ಅಮ್ಮ ಇಳಿದುಹೋದ ಮೇಲೆ ಉಳಿದ ಕಿವುಡನ್ನು ದೈವದ ಮುನಿಸಿನ ಗುರುತೆಂದು ಒಪ್ಪಿಕೊಂಡಾಗ, ಔಷಧವನ್ನು ಅರಸುವ ದಾರಿಯೂ ಮುಚ್ಚಿಹೋಗುತ್ತಿತ್ತು.

ಎರಡನೆಯದು ಮಂಗಬಾವು. ಇದಕ್ಕೆ ‘ಕೆಪ್ಪಟರಾಯ’ ಎಂಬ ಹೆಸರೂ ಇದೆ. ಕೆಪ್ಪಟೆ ಎಂದರೆ ಕಿವಿಯ ಕೆಳಗಿನ ದವಡೆಯ ಭಾಗ; ಬಾವು ಬರುವುದು ಅಲ್ಲಿಯೇ. ಈ ಹೆಸರು ‘ಕೆಪ್ಪ’ ಎಂಬ ಪದವನ್ನು ನೆನಪಿಸುತ್ತದೆಯಾದರೂ, ರೋಗದಿಂದ ಕಿವುಡು ಬರುತ್ತದೆಂಬ ಅರಿವಿನಿಂದಲೇ ಹೆಸರು ಹುಟ್ಟಿತೆಂದು ಧ್ವನಿಸಾಮ್ಯದ ಆಧಾರದ ಮೇಲಷ್ಟೆ ಹೇಳಲಾಗದು. ಮಂಗಬಾವು ಅಪರೂಪಕ್ಕೆ ತರುವ ಕಿವುಡು ಸಾಮಾನ್ಯವಾಗಿ ಒಂದೇ ಕಿವಿಯದು ಮತ್ತು ಶಾಶ್ವತವಾದದ್ದು. ಇನ್ನೊಂದು ಕಿವಿ ಕೆಲಸ ನಡೆಸಿಕೊಂಡು ಹೋಗುವುದರಿಂದ ಎಷ್ಟೋ ಮಂದಿಗೆ ಅದು ವರ್ಷಗಳ ನಂತರ ತಿಳಿಯುತ್ತದೆ. ಶಬ್ದ ಯಾವ ದಿಕ್ಕಿನಿಂದ ಬಂತೆಂದು ತಿಳಿಯದಿರುವುದು, ಸಂತೆಯ ಗದ್ದಲದಲ್ಲಿ ಮಾತು ಹಿಡಿಯಲಾಗದಿರುವುದು ಇದರ ಲಕ್ಷಣಗಳು.

ಮೂರನೆಯದು ರುಬೆಲ್ಲ. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗಲುವ ಈ ಹಗುರ ಜ್ವರ ಹುಟ್ಟುವ ಮಗುವಿನ ಕಣ್ಣು, ಹೃದಯ, ಕಿವಿಗಳನ್ನು ಕೆಡಿಸಬಲ್ಲದು. ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ ಇದನ್ನು ಮೊದಲು ಕಣ್ಣಿನ ಪೊರೆಯ ಸಂಬಂಧದಲ್ಲಿ ಗುರುತಿಸಿದ. ಕಿವುಡಿನ ಸಂಬಂಧ ಅನಂತರ ಸ್ಪಷ್ಟವಾಯಿತು. ಹುಟ್ಟುಕಿವುಡನ್ನು ಗ್ರಹಣದ ದೋಷಕ್ಕೂ ಪೂರ್ವಜನ್ಮದ ಕರ್ಮಕ್ಕೂ ಆರೋಪಿಸಿದ ಸಮಾಜದಲ್ಲಿ ಆ ಆರೋಪದ ಭಾರ ಹೆಚ್ಚಾಗಿ ಬಿದ್ದದ್ದು ತಾಯಿಯ ಮೇಲೆ. ಅವಳ ತಪ್ಪೇನೂ ಇಲ್ಲದ, ಮೂರು ದಿನದ ಜ್ವರವೊಂದು ಕಾರಣವಾಗಿರಬಹುದಿತ್ತೆಂಬ ತಿಳಿವಳಿಕೆ ತಡವಾಗಿ ಬಂತು.

ಇವುಗಳ ಜೊತೆಗೆ, ಮುನ್ಸೂಚನೆಯಿಲ್ಲದೆ ಮೂರು ದಿನಗಳೊಳಗೆ ಒಂದು ಕಿವಿ ಕೆಪ್ಪಾಗುವ ಸ್ಥಿತಿಯೊಂದಿದೆ. ಕೆಲವರಲ್ಲಿ ಇದಕ್ಕೆ ಮೊದಲು ನೆಗಡಿ ಬಂದುಹೋಗಿರುತ್ತದೆ. ವೈರಾಣು ಒಂದು ಸಂಭಾವ್ಯ ಕಾರಣವಾದರೂ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಖಚಿತವಾಗುವುದಿಲ್ಲ. ಎರಡು ವಾರಗಳೊಳಗೆ ಚಿಕಿತ್ಸೆ ಆರಂಭಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ‘ಶೀತ ಇಳಿದ್ರೆ ಕಿವಿ ಬುಟ್ಕತದೆ’ ಎಂದು ಕಾಯುವ ರೂಢಿ ಇಲ್ಲಿ ಅಪಾಯಕಾರಿ. ಮಧ್ಯಕಿವಿಯ ವಿಷಯದಲ್ಲಿ ಬಹುಮಟ್ಟಿಗೆ ನಿಜವಾಗುವ ಮಾತೇ ಒಳಕಿವಿಯ ವಿಷಯದಲ್ಲಿ ಕಿವಿಯನ್ನು ಕಳೆಯುತ್ತದೆ.

5. ಆಯ ತಪ್ಪುವುದು

ಕಿವಿಯ ಇನ್ನೊಂದು ಕೆಲಸ ಜನಪದರ ತಿಳಿವಳಿಕೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ದೇಹದ ಸಮತೋಲಕ್ಕೆ ಕನ್ನಡದಲ್ಲಿ ‘ಆಯ’ ಎಂಬ ಚೊಕ್ಕ ಪದವಿದೆ. ‘ಆಯ ತಪ್ಪಿ ಬಿದ್ದ’ ಎನ್ನುತ್ತಾರೆ. ಈ ಆಯದ ನೆಲೆಗಳಲ್ಲಿ ಒಂದು ಕಿವಿಯೊಳಗಿದೆ ಎಂಬುದು ಯಾವ ನುಡಿಗಟ್ಟಿನಲ್ಲಿಯೂ ದಾಖಲಾಗಿಲ್ಲ. ಇದರಲ್ಲಿ ಅಚ್ಚರಿಯಿಲ್ಲ. ಯುರೋಪಿನಲ್ಲೂ 1861ರಲ್ಲಿ ಫ್ರೆಂಚ್ ವೈದ್ಯ ಪ್ರಾಸ್ಪರ್ ಮೆನಿಯೆ ತಲೆಸುತ್ತಿನ ಮೂಲ ಒಳಕಿವಿಯಲ್ಲಿರಬಹುದೆಂದು ವಾದಿಸುವವರೆಗೆ ಅದನ್ನು ಮಿದುಳಿನ ರೋಗವೆಂದೇ ತಿಳಿಯಲಾಗಿತ್ತು. ಒಳಕಿವಿಯ ಸಮತೋಲ ವ್ಯವಸ್ಥೆಯನ್ನು ಕುರಿತ ಸಂಶೋಧನೆಗೆ ರಾಬರ್ಟ್ ಬಾರಾನಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1914ರ ಸಾಲಿನಲ್ಲಿ. ಇನ್‌ಫ್ಲುಯೆಂಜಾ ಮೈಸೂರಿಗೆ ಬರುವುದಕ್ಕೆ ನಾಲ್ಕೇ ವರ್ಷ ಮೊದಲು.

ಒಳಕಿವಿಯಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳು ತಲೆಯ ತಿರುಗುವಿಕೆಯನ್ನೂ ಎರಡು ಪುಟ್ಟ ಚೀಲಗಳು ಅದರ ಓಲುವಿಕೆಯನ್ನೂ ಅಳೆಯುತ್ತವೆ. ಅಲ್ಲಿಂದ ಮಿದುಳಿಗೆ ಹೋಗುವ ನರಕ್ಕೆ ಒಂದು ಬದಿಯಲ್ಲಿ ಉರಿಯೂತ ಉಂಟಾದಾಗ ಎರಡೂ ಕಡೆಯ ಸಂಕೇತಗಳು ಹೊಂದದೆ ಸುತ್ತಲಿನ ಜಗತ್ತೇ ತಿರುಗುತ್ತಿರುವಂತೆ ಭಾಸವಾಗುತ್ತದೆ. ವಾಂತಿ ಬರುತ್ತದೆ, ನಡಿಗೆ ಒಂದು ಕಡೆಗೆ ಜೋಲಿ ಹೊಡೆಯುತ್ತದೆ. ಕೆಲವರಲ್ಲಿ ಇದು ನೆಗಡಿ ಅಥವಾ ಫ್ಲೂ ಬಂದ ಕೆಲವು ದಿನಗಳಿಗೆ ಕಾಣಿಸಿಕೊಳ್ಳುತ್ತದೆ. ನರ ಮಾತ್ರ ಬಾಧಿತವಾದರೆ ಕೇಳುವ ಶಕ್ತಿ ಉಳಿಯುತ್ತದೆ. ಇಡೀ ಒಳಕಿವಿ ಬಾಧಿತವಾದರೆ ಶ್ರವಣವೂ ಕುಗ್ಗುತ್ತದೆ.

ಕಾರಣ ತಿಳಿಯದಿದ್ದರೂ ಲಕ್ಷಣಗಳನ್ನು ಬೇರ್ಪಡಿಸುವುದರಲ್ಲಿ ಆಡುನುಡಿ ನಿಖರವಾಗಿದೆ. ‘ಕಣ್ಣು ಕತ್ತಲೆ ಬಂತು’ ಎಂಬುದು ಮೂರ್ಛೆಯ ಮುನ್ಸೂಚನೆ. ‘ಭೂಮಿನೇ ಗಿರ್ರನೆ ತಿರುಗ್ದಂಗಾಯ್ತು’ ಎಂಬುದು ಒಳಕಿವಿಯ ಭ್ರಮಣ. ‘ಕಾಲು ನಿಲ್ಲಾಕಿಲ್ಲ, ತೂರಾಡ್ತದೆ’ ಎಂಬುದು ನಡಿಗೆಯ ಅಸ್ಥಿರತೆ. ವೈದ್ಯರು ರೋಗಿಯಿಂದ ಮೊದಲು ತಿಳಿಯಬಯಸುವುದು ಈ ಮೂರರಲ್ಲಿ ಯಾವುದೆಂಬುದನ್ನೇ. ಎಲ್ಲವನ್ನೂ ‘ತಲೆಸುತ್ತು’ ಎಂಬ ಒಂದೇ ಪದಕ್ಕೆ ಇಳಿಸುವ ಶಿಷ್ಟ ಕನ್ನಡಕ್ಕಿಂತ ಮಂಡ್ಯದ ಆಡುಮಾತು ಇಲ್ಲಿ ಹೆಚ್ಚು ಉಪಯುಕ್ತ.

ವಿವರಣೆಯ ಹಂತದಲ್ಲಿ ಮಾತ್ರ ತೊಡಕು. ತಲೆಸುತ್ತನ್ನು ಪಿತ್ತಕ್ಕೆ ಹೊರಿಸಿ ನಿಂಬೆಹಣ್ಣಿನ ಪಾನಕ ಕುಡಿಸುವುದು, ದೃಷ್ಟಿ ತೆಗೆಯುವುದು, ಗಾಳಿ ಸೋಕಿದೆಯೆಂದು ಅಂತ್ರ ಕಟ್ಟಿಸುವುದು ಬಳಕೆಯ ಪರಿಹಾರಗಳು. ಹಗಲಿನಲ್ಲಿ ಬೀದಿಯಲ್ಲಿ ತೂರಾಡುವ ಗಂಡಸನ್ನು ಕುಡಿದವನೆಂದು ಜರೆಯುವುದೂ ಇದೆ.

ಈ ಸೀಮೆಯ ಕಲಾವಿದರ ದೃಷ್ಟಿಯಿಂದ ನೋಡಿದರೆ ಆಯದ ಪ್ರಶ್ನೆ ಜೀವನೋಪಾಯದ ಪ್ರಶ್ನೆ. ಪೂಜಾ ಕುಣಿತದಲ್ಲಿ ದೇವಿಯ ಮುಖವಾಡ, ಸೀರೆ, ಹೂಗಳಿಂದ ಅಲಂಕರಿಸಿದ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತು, ಕೈಯ ಆಸರೆಯಿಲ್ಲದೆ ಕುಣಿಯಬೇಕು. ಪಟ ಕುಣಿತದಲ್ಲಿ ಬಣ್ಣದ ಬಟ್ಟೆ ಸುತ್ತಿದ, ತುದಿಗೆ ಛತ್ರಿಯಿರುವ ಎತ್ತರದ ಬಿದಿರುಗಳವನ್ನು ನೆಟ್ಟಗೆ ಹಿಡಿದು ಹೆಜ್ಜೆ ಹಾಕಬೇಕು. ತಲೆ ತಿರುಗಿದಾಗಲೂ ನೆಲದ ಲಂಬವನ್ನು ಮರೆಯದ ಒಳಕಿವಿ ಈ ಕಲೆಗಳ ಕಾಣದ ಬಂಡವಾಳ. ತಮಟೆಯ ಗತಿ ಕೇಳಿ ಹೆಜ್ಜೆ ಬದಲಿಸುವುದರಿಂದ ಕೇಳುವ ಕಿವಿಯೂ ಅಷ್ಟೇ ಮುಖ್ಯ. ಒಂದು ಫ್ಲೂ ಜ್ವರದ ಬಳಿಕ ಪೂಜೆ ಹೊರಲಾರದೆ ಹೋದ ಕಲಾವಿದನಿಗೆ ‘ದೇವರು ಮುನಿದ’ ಎಂಬ ವಿವರಣೆ ಸಿಕ್ಕರೆ ಅವನು ಕುಣಿತವನ್ನೇ ಬಿಡುತ್ತಾನೆ. ವಾಸ್ತವದಲ್ಲಿ ಒಂದು ಬದಿಯ ನಷ್ಟಕ್ಕೆ ಮಿದುಳು ವಾರಗಳು, ತಿಂಗಳುಗಳಲ್ಲಿ ಹೊಂದಿಕೊಳ್ಳಬಲ್ಲದು. ಅದಕ್ಕೆ ಬೇಕಾದದ್ದು ಕತ್ತಲೆ ಕೋಣೆಯಲ್ಲಿ ಮಲಗಿರುವುದಲ್ಲ. ಮೊದಲ ಕೆಲವು ದಿನಗಳ ತೀವ್ರತೆ ಕಳೆದ ಮೇಲೆ ಕಣ್ಣು, ಕತ್ತು, ಕಾಲುಗಳ ಕ್ರಮಬದ್ಧ ಚಲನೆ. ಇಂಗ್ಲೆಂಡಿನಲ್ಲಿ ಕಾಥೋರ್ನ್ ಮತ್ತು ಕುಕ್ಸಿ 1940ರ ದಶಕದಲ್ಲಿ ರೂಪಿಸಿದ ವ್ಯಾಯಾಮಗಳ ತತ್ತ್ವ ಇದೇ.

6. ಜ್ವರವೋ, ಔಷಧವೋ, ಸದ್ದೋ

ಕಿವಿಯ ಎಲ್ಲ ನಷ್ಟಗಳನ್ನೂ ವೈರಾಣುವಿನ ತಲೆಗೆ ಕಟ್ಟುವುದು ಅಶಾಸ್ತ್ರೀಯ. ಈ ಪ್ರದೇಶದ ಚರಿತ್ರೆಯಲ್ಲಿ ಇನ್ನೆರಡು ಕಾರಣಗಳನ್ನು ಗಮನಿಸಬೇಕು.

ಶ್ರೀರಂಗಪಟ್ಟಣ ಜ್ವರಕ್ಕೆ ಕುಖ್ಯಾತವಾದ ದ್ವೀಪ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಅಲ್ಲಿ ನೆಲೆಸಿದ ಇಂಗ್ಲಿಷ್ ಸೈನ್ಯ ಆ ಜ್ವರಕ್ಕೆ ತತ್ತರಿಸಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಹರಿಯತೊಡಗಿದಾಗ ಮಂಡ್ಯದ ಸುತ್ತ ಮಲೇರಿಯಾ ಹೆಚ್ಚಿತು. ಮಲೇರಿಯಾ ವೈರಾಣುವಿನ ರೋಗವಲ್ಲ. ಆದರೆ ಅದಕ್ಕೆ ಕೊಡುತ್ತಿದ್ದ ಕ್ವಿನೈನ್ ಕಿವಿಯಲ್ಲಿ ಮೊರೆತವನ್ನೂ ತಾತ್ಕಾಲಿಕ ಕಿವುಡನ್ನೂ ತಲೆಸುತ್ತನ್ನೂ ತರುವ ಔಷಧ. ಹಾಗಾಗಿ ‘ಜ್ವರ ಬಂದು ಕಿವಿ ಗುಂಯ್ ಅಂತು’ ಎಂಬ ಹಿರಿಯರ ನೆನಪಿನಲ್ಲಿ ಜ್ವರದ ಪಾಲೆಷ್ಟು, ಔಷಧದ ಪಾಲೆಷ್ಟು ಎಂಬುದನ್ನು ಕಾಲ ಮತ್ತು ಸ್ಥಳ ನೋಡಿ ಅಳೆಯಬೇಕು. ನಾಲೆಯ ಬಯಲಿನ ನೆನಪಿಗೂ ನಾಗಮಂಗಲದ ಒಣಭೂಮಿಯ ನೆನಪಿಗೂ ಒಂದೇ ಅರ್ಥ ಹಚ್ಚಲಾಗದು.

ಇನ್ನೊಂದು ಕಾರಣ ಸದ್ದು. ವರ್ಷಗಟ್ಟಲೆ ಕಿವಿಯ ಹತ್ತಿರವೇ ತಮಟೆ, ನಗಾರಿ ಬಾರಿಸುವವರ ಶ್ರವಣ ನಿಧಾನವಾಗಿ ಕುಗ್ಗುತ್ತದೆ. ಇದು ಎರಡೂ ಕಿವಿಗಳಲ್ಲಿ ವರ್ಷಗಳ ಅವಧಿಯಲ್ಲಿ ಬರುವಂತಹುದು. ವೈರಾಣುವಿನದು ಹೆಚ್ಚಾಗಿ ದಿನಗಳಲ್ಲಿ ಬರುವಂತಹುದು. ಕ್ಷೇತ್ರಕಾರ್ಯದಲ್ಲಿ ‘ಯಾವಾಗಿನಿಂದ ಕೇಳಿಸುತ್ತಿಲ್ಲ’ ಎಂಬ ಪ್ರಶ್ನೆಯ ಜೊತೆಗೆ ‘ಒಮ್ಮೆಗೇ ಹೋಯಿತೋ, ಬರಬರುತ್ತಾ ಹೋಯಿತೋ’ ಎಂಬ ಪ್ರಶ್ನೆಯನ್ನೂ ಸೇರಿಸಬೇಕಾದದ್ದು ಈ ಕಾರಣಕ್ಕೆ.

7. ಸಂಸ್ಥೆಗಳ ಆಗಮನ

ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಚರಿತ್ರೆಯ ದೊಡ್ಡ ತಿರುವು. ಶ್ರೀರಂಗಪಟ್ಟಣಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸಿನ ನಗರದಲ್ಲಿ, ಕಿವಿಯ ಮಂದತೆಯನ್ನು ಡೆಸಿಬೆಲ್‌ಗಳಲ್ಲಿ ಅಳೆಯುವ ವ್ಯವಸ್ಥೆ ಹೀಗೆ ಬಂತು. ‘ಮಾತು ಕೇಳದ’ ಮಗು ನಿಜಕ್ಕೂ ಕೇಳುತ್ತಿಲ್ಲವೆಂದು ರೇಖಾಚಿತ್ರದಲ್ಲಿ ತೋರಿಸಲು ಸಾಧ್ಯವಾಯಿತು. ಅನಂತರದ ವರ್ಷಗಳಲ್ಲಿ ಸಂಸ್ಥೆಯು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತನ್ನ ವಿಸ್ತರಣಾ ಸೇವಾಕೇಂದ್ರವನ್ನು ತೆರೆದದ್ದು, ಪರೀಕ್ಷೆಯನ್ನು ನಗರದಿಂದ ಹಳ್ಳಿಗೆ ತಂದ ಹೆಜ್ಜೆ. ನಾಗಮಂಗಲ ತಾಲ್ಲೂಕಿನಲ್ಲಿ 1986ರಲ್ಲಿ ಆರಂಭವಾದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಮಂಡ್ಯದಲ್ಲಿ 2006ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜೂ ತಜ್ಞವೈದ್ಯರನ್ನು ಹತ್ತಿರಕ್ಕೆ ತಂದವು. ಕಿವುಡು ತಡೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದೂ ಇದೇ ಕಾಲಘಟ್ಟದಲ್ಲಿ.

ಲಸಿಕೆಯ ಪಾತ್ರ ಇವೆಲ್ಲಕ್ಕಿಂತ ಸದ್ದಿಲ್ಲದ್ದು. ದಡಾರದ ಲಸಿಕೆ 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಭಾಗವಾಯಿತು. 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲ ಲಸಿಕಾ ಅಭಿಯಾನ ಮೊದಲು ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಲಸಿಕೆ ಕೊಡಲಾಯಿತು. ಮಂಗಬಾವಿನ ಅಂಶ ಆ ಲಸಿಕೆಯಲ್ಲಿ ಇರಲಿಲ್ಲ. ಲಸಿಕೆಯಿಂದ ಉಳಿದ ಕಿವಿಗಳೂ ಎಣಿಕೆಗೆ ಸಿಗುವಂತಹವಲ್ಲ. ಕಳೆದುಹೋಗದ ವಸ್ತುವಿಗೆ ಲೆಕ್ಕವಿಡುವ ರೂಢಿ ಯಾವ ಕಚೇರಿಯಲ್ಲಿಯೂ ಇಲ್ಲ.

2020ರಲ್ಲಿ ಬಂದ ಕೋವಿಡ್ ಈ ಹಳೆಯ ಪ್ರಶ್ನೆಯನ್ನು ಮತ್ತೆ ಮುಂದಿಟ್ಟಿತು. ಸೋಂಕಿನ ನಂತರ ಕಿವಿಮೊರೆತ, ತಲೆಸುತ್ತು, ಶ್ರವಣ ಕುಗ್ಗುವಿಕೆಗಳನ್ನು ಹಲವು ದೇಶಗಳ ವೈದ್ಯರು ವರದಿ ಮಾಡಿದರು. ಅವುಗಳಲ್ಲಿ ವೈರಾಣುವಿನ ನೇರ ಪಾತ್ರವೆಷ್ಟೆಂಬುದು ಇನ್ನೂ ಚರ್ಚೆಯಲ್ಲಿದೆ. ಮುಖಗವಸಿನ ಬಳಕೆಯಿಂದ ಇನ್ನೊಂದು ಸಂಗತಿಯೂ ಬಯಲಾಯಿತು. ತುಟಿಯ ಚಲನೆ ನೋಡಿ ಮಾತನ್ನು ಹಿಡಿಯುತ್ತಿದ್ದ ಅನೇಕ ಅರೆಗಿವುಡರು, ತುಟಿ ಮರೆಯಾದಾಗಲೇ ತಮ್ಮ ಕಿವಿಯ ಸ್ಥಿತಿಯನ್ನು ಅರಿತರು.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೂಗಿಗೂ ಕಿವಿಗೂ ಇರುವ ನಂಟನ್ನು ಈ ಸೀಮೆಯ ಜನಪದರು ತಮ್ಮ ಆಚರಣೆಯಲ್ಲಿ ಗುರುತಿಸಿದ್ದರು. ತಲೆಸುತ್ತಿನ ಬಗೆಗಳನ್ನು ಅವರ ನುಡಿ ಸೂಕ್ಷ್ಮವಾಗಿ ಬೇರ್ಪಡಿಸಿತ್ತು. ಆದರೆ ಮಗುವಿನ ಸದ್ದಿಲ್ಲದ ಕಿವುಡನ್ನು ಅದೇ ನುಡಿ ಅವಿಧೇಯತೆಯಾಗಿ ತಿರುಚಿತು. ಆಯದ ನೆಲೆ ಕಿವಿಯಲ್ಲಿದೆಯೆಂಬುದನ್ನು ಅದು ಕಾಣಲಿಲ್ಲ. ಸರ್ಕಾರದ ದಾಖಲೆಗಳಂತೂ ಈ ಎರಡನ್ನೂ ಎಣಿಸಲಿಲ್ಲ.

ಎಣಿಕೆಯ ಸಮಸ್ಯೆ ಇಂದಿಗೂ ಮುಗಿದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅದರಲ್ಲಿ ಶ್ರವಣದೋಷವನ್ನು ಎರಡೂ ಕಿವಿಗಳ ನಷ್ಟದ ಆಧಾರದ ಮೇಲೆ, 60 ಡೆಸಿಬೆಲ್‌ನಿಂದ ಮೇಲ್ಪಟ್ಟು, ವ್ಯಾಖ್ಯಾನಿಸಲಾಗಿದೆ. ಕೆಪ್ಪಟರಾಯ ಒಂದು ಕಿವಿಯನ್ನು ಕೊಂಡೊಯ್ದವನು, ಮೂವತ್ತು ಡೆಸಿಬೆಲ್ ತಗ್ಗಿ ತರಗತಿಯಲ್ಲಿ ಹಿಂದೆಬಿದ್ದ ಮಗು, ಆಯ ತಪ್ಪಿ ಪೂಜೆ ಇಳಿಸಿದ ಕಲಾವಿದ ಈ ವ್ಯಾಖ್ಯಾನದ ಹೊರಗೇ ಉಳಿಯುತ್ತಾರೆ. ಅವರ ಸಂಗತಿ ಉಳಿದಿರುವುದು ಮನೆಯವರ ಮಾತಿನಲ್ಲಿ ಮಾತ್ರ.

ಆದ್ದರಿಂದ ಜನಪದ ವೈದ್ಯದ ಸಂಗ್ರಹಕಾರ್ಯದಲ್ಲಿ ಔಷಧಿಗಳ ಪಟ್ಟಿಯ ಜೊತೆಗೆ ಕಿವಿ, ತಲೆಸುತ್ತು, ಆಯಗಳನ್ನು ಕುರಿತ ಆಡುಮಾತಿನ ಪದಕೋಶವೂ ತಾಲ್ಲೂಕುವಾರು ಸಿದ್ಧವಾಗಬೇಕು. ಅಂತಹ ಪದಕೋಶ ಆರೋಗ್ಯ ಕೇಂದ್ರದ ಮೇಜಿನ ಮೇಲಿದ್ದರೆ ‘ಭೂಮಿ ತಿರುಗ್ತದೆ’ ಎಂದ ರೋಗಿಯ ಮಾತು ವೈದ್ಯರಿಗೆ ಕೂಡಲೇ ಅರ್ಥವಾಗುತ್ತದೆ. ‘ನೆಗಡಿ ಬಂದಾಗಿನಿಂದ ಹೇಳಿದ ಮಾತು ಕೇಳುತ್ತಿಲ್ಲ’ ಎಂದು ತಾಯಿಯೊಬ್ಬಳು ದೂರಿದಾಗ, ಶಿಕ್ಷೆಗೆ ಮುನ್ನ ಪರೀಕ್ಷೆಯಾಗಬೇಕಾದದ್ದು ಮಗುವಿನ ಕಿವಿ ಎಂಬುದು ಆಶಾ ಕಾರ್ಯಕರ್ತೆಗೂ ಶಾಲೆಯ ಮೇಷ್ಟರಿಗೂ ಹೊಳೆಯುತ್ತದೆ.